ಬಾವಿಪಾಳ್ಯದ ನಾರು

ಬಾವಿಪಾಳ್ಯ, ರಾಜಘಟ್ಟದ ಬಳಿ
12 ಮಾರ್ಚ್ 1943

ನಮ್ಮ ಗಂಗಣ್ಣನಿಗೆ ಸೋದರತ್ತೆ ಮುನಿವೆಂಕಟಮ್ಮ ಹರಸಿ ಬರೆದದ್ದು. ನೀನೂ ಅನುಸೂಯಮ್ಮನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾವು ಹಾಗಿಲ್ಲ, ಅದಕ್ಕೇ ಈ ಕಾಗದ.

ಸೊಸೆ ಮುತ್ತಮ್ಮನಿಗೆ ನಾರು ಬಂದಿದೆ. ಎಡಗಾಲಿನ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆದು, ಬಿಳೀ ದಾರದಂಥ ಹುಳು ತಲೆ ಹೊರಗೆ ಹಾಕಿದೆ. ದಿನಾ ಬೆಳಿಗ್ಗೆ ಹಂಚಿಕಡ್ಡಿಗೆ ಇಷ್ಟಿಷ್ಟೇ ಸುತ್ತುತ್ತಿದ್ದೇನೆ. ಅವಸರಪಟ್ಟು ಎಳೆದರೆ ತುಂಡಾಗಿ ಕಾಲೇ ಕೊಳೆತುಹೋಗುತ್ತದೆ. ಪಾಪ, ತ್ಯಾಮಗೊಂಡ್ಲು ಕಡೆಯ ಹುಡುಗಿ. ಅವರ ಕಡೆ ನಾರು ಅಂದರೆ ತೆಂಗಿನ ನಾರು. "ಅತ್ತೆಮ್ಮ, ನನ್ನ ಕಾಲಲ್ಲಿ ಹಗ್ಗ ಹೊಸೀತಾ ಐತೆ" ಅಂತ ನಗುತ್ತಾಳೆ, ಆಮೇಲೆ ಗೋಡೆ ಕಡೆ ತಿರುಗಿ ಅಳುತ್ತಾಳೆ. ಮೂರು ತಿಂಗಳ ಬಸುರಿ ಬೇರೆ.

ಈ ಬೇಸಿಗೆಯಲ್ಲಿ ನಮ್ಮೂರ ಅರ್ಧ ಮನೆಗಳಲ್ಲಿ ಇದೇ ಪಾಡು. ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇನೆ, ಬಿಸಿಲಿನ ಹಾಗೆ ಇದೂ ಒಂದು ಅಂದುಕೊಂಡಿದ್ದೆ. ಈಗ ಹಾಗೆ ಅಂದುಕೊಳ್ಳಲು ಮನಸ್ಸಿಲ್ಲ. ಹುಟ್ಟುವ ಕೂಸಿನ ಕಾಲಿಗೆ ಇದು ಬರಬಾರದು. ನನಗೆ ಬೇಕಾದ್ದು ಇಷ್ಟೇ.

ಹೋದ ವರ್ಷ ಮುತ್ತಮ್ಮನ ಮದುವೆಗೆ ಬಂದಾಗ ನೀನೇ ಹೇಳಿದೆಯಲ್ಲ, ನಿಮ್ಮ ಹಗ್ಗದ ಕಂಪನಿಯಲ್ಲಿ ಡಾಕ್ಟರಿದ್ದಾರೆ, ಕೂಲಿಯವರ ಮಕ್ಕಳಿಗೆ ಹಾಲು ಕೊಡುತ್ತಾರೆ, ಯಂತ್ರಕ್ಕೆ ಕೈ ಸಿಗದ ಹಾಗೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ ಅಂತ. ಆ ಯಂತ್ರಕ್ಕೆ ಹೋಗುವ ಕತ್ತಾಳೆಯನ್ನು ಕೊಳೆಹಾಕಿ, ಬಡಿದು, ಸಿಗಿದು ಕಳಿಸುವವರು ನಾವು. ಯುದ್ಧಕ್ಕೆ ಹಗ್ಗ ಬೇಕು, ಬೇಗ, ಬೇಗ ಅನ್ನುತ್ತಾರೆ. ನಮ್ಮ ಕೈ ಕಂಪನಿಗೆ ಬೇಕು. ಕಾಲು ಯಾರಿಗೂ ಬೇಡವೇ? ಡಾಕ್ಟರನ್ನು ಒಂದು ಸಲ ಕರೆದುಕೊಂಡು ಬಾ.

ನಿನ್ನ ಅತ್ತೆ,
ಮುನಿವೆಂಕಟಮ್ಮ


ಯಶವಂತಪುರ
21 ಮಾರ್ಚ್ 1943

ಅತ್ತೆಯವರಿಗೆ ಗಂಗಣ್ಣನ ನಮಸ್ಕಾರಗಳು. ಕಾಗದ ತಲುಪಿತು. ಮುತ್ತಮ್ಮನ ವಿಷಯ ಓದಿ ಬಹಳ ನೊಂದುಕೊಂಡೆ.

ಡಾಕ್ಟರ ವಿಷಯ ವಿಚಾರಿಸಿದೆ. ಮಿಲ್ಲಿನ ಹಾಜರಿಯಲ್ಲಿ ಹೆಸರಿರುವವರಿಗೆ ಮಾತ್ರ ಅವರು. ಹಳ್ಳಿಗಳಿಂದ ನಾರು ಒದಗಿಸುವವರು ಕಂಪನಿಯ ಲೆಕ್ಕದಲ್ಲಿ ಹೊರಗಿನವರು. ನನ್ನಂಥ ಗುಮಾಸ್ತ ಹೇಳಿದರೆ ನಡೆಯುವುದಿಲ್ಲ. ಊರವರೆಲ್ಲ ಸೇರಿ ಮೇನೇಜರ ಹೆಸರಿಗೆ ಒಂದು ಅರ್ಜಿ ಬರೆಯಿರಿ. ಮೇನೇಜರು ಇಂಗ್ಲಿಷ್ ದೊರೆ, ಮಾತು ಒರಟು, ಆದರೆ ಅರ್ಜಿಯನ್ನು ಓದಿಸಿ ಕೇಳುತ್ತಾರೆ.

ನಾನೇ ಬಂದು ಬರೆದುಕೊಡಬೇಕಾಗಿತ್ತು. ಹೊಸ ಚಪ್ಪಲಿ ಕಡಿದು ಕಾಲು ಸ್ವಲ್ಪ ಊದಿದೆ, ನಡೆಯಲು ತ್ರಾಸ. ತಪ್ಪು ತಿಳಿಯಬಾರದು.

ಇಂತಿ,
ಗಂಗಣ್ಣ


ಬಾವಿಪಾಳ್ಯ
3 ಏಪ್ರಿಲ್ 1943

ಗಂಗಣ್ಣನಿಗೆ,

ಅರ್ಜಿ ಕಳಿಸಿದ್ದೇವೆ. ನಾನೇ ಬರೆದೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಕಡಲೆಪುರಿ ಕಟ್ಟಿದ ಕಾಗದ ಓದಿ ಕಲಿತದ್ದು. ಉದ್ದ ಬರೆದರೆ ಎಲ್ಲಿ ತಪ್ಪುತ್ತೇನೋ ಅಂತ ನೇರವಾಗಿ ಬರೆದೆ: "ನಮ್ಮ ಊರಿನಲ್ಲಿ ನಾರು ಮಿತಿಮೀರಿದೆ. ಮನೆಮನೆಯಲ್ಲೂ ಇದೆ. ಕಂಪನಿಯವರು ದಯಮಾಡಿ ಬೇಗ ಬಂದು ಇದನ್ನು ತೆಗೆಸಿದರೆ ಊರು ಬದುಕುತ್ತದೆ." ಮೊದಲ ರುಜು ನಮ್ಮ ಭಾವ ಬೈಲಪ್ಪನವರದು. ನಿನ್ನ ಮಾವನಿಗೆ ಅಣ್ಣ, ಊರಿಗೆ ಹಿರಿಯ, ಅವರ ರುಜು ಮೇಲಿರಬೇಕು. ಉಳಿದವರದು ಹೆಬ್ಬೆಟ್ಟು.

ನಿನ್ನ ಚಪ್ಪಲಿಯ ವಿಷಯ ಓದಿ ಮುತ್ತಮ್ಮ ಕಡ್ಡಿ ಸುತ್ತಿಸಿಕೊಳ್ಳುತ್ತಲೇ ನಕ್ಕಳು. ರಾಜಘಟ್ಟದಿಂದ ಮುಳ್ಳುದಾರಿಯಲ್ಲಿ ಬರಿಗಾಲಲ್ಲಿ ಓಡಿಬರುತ್ತಿದ್ದವನು ನೀನು. ಪಟ್ಟಣ ಸೇರಿ ಕಾಲು ಅಷ್ಟು ಮೆತ್ತಗಾಯಿತೇನಪ್ಪಾ? ಊರಿಗೆ ಬರಲು ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲ ಅಂತಲೇ ಬರೆ, ಚಪ್ಪಲಿಯ ಮೇಲೆ ಹಾಕಬೇಡ.

ಮುನಿವೆಂಕಟಮ್ಮ


ಬಾವಿಪಾಳ್ಯ
20 ಏಪ್ರಿಲ್ 1943

ಗಂಗಣ್ಣ,

ನಿನ್ನಿಂದ ಉತ್ತರವಿಲ್ಲ. ಕಂಪನಿಯಿಂದ ಉತ್ತರ ಬಂತು. ಲಾರಿಯಲ್ಲಿ ಬಂತು.

ನಿನ್ನೆ ಸಂತೆಯಿಂದ ಜನ ವಾಪಸಾಗುವ ಹೊತ್ತಿಗೆ ಕಂಪನಿ ಲಾರಿ ಬಂದು ಅರಳಿಮರದಡಿ ನಿಂತಿತು. ಡಾಕ್ಟರು ಬಂದರು ಅಂತ ಕುಂಟುವವರು, ಕೋಲೂರುವವರು ಎಲ್ಲರೂ ಬಂದರು. ಟೋಪಿಯ ಮನುಷ್ಯನೊಬ್ಬ ಇಳಿದ. ಅವನ ಹಿಂದೆ ಇಬ್ಬರು ದೊಡ್ಡ ತಕ್ಕಡಿ ಇಳಿಸಿದರು.

"ಎಲ್ಲಮ್ಮಾ ನಾರು? ಮನೆಮನೇಲೂ ಐತಂತಲ್ಲ. ಬೇಗ ತನ್ನಿ, ತೂಕ ಹಾಕ್ಬೇಕು" ಅಂದ.

"ತೂಕ ಹಾಕೋಷ್ಟು ದಪ್ಪ ಎಲ್ಲೈತಪ್ಪಾ?" ಅಂದೆ.

"ಒಣಗಿರೋದೋ, ಹಸೀದೋ?"

ಮುತ್ತಮ್ಮ ಅವನ ಮುಂದೆ ಕಾಲು ಚಾಚಿದಳು. "ಹಸೀದೇ ಕಣಣ್ಣ. ಇನ್ನೂ ಜೀವ ಐತೆ."

ಆ ಮನುಷ್ಯ ನೋಡಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಲಾರಿ ಹತ್ತಿದ. ತಕ್ಕಡಿಯವರು ಅವನ ಹಿಂದೆ ಓಡಿದರು. ಭಾವನವರು ಎಲ್ಲರಿಗೂ ಕೇಳುವ ಹಾಗೆ, "ನೋಡ್ದೇನಮ್ಮಾ ವೆಂಕ್ಟಮ್ಮಾ, ನಿನ್ನ ಕಂಪ್ನಿ ಡಾಕ್ಟ್ರು ತಕ್ಕಡೀಲಿ ನಾಡಿ ನೋಡ್ತಾರಂತೆ!" ಅಂದರು. ಕಾಲು ಸುತ್ತಿಕೊಂಡವರೂ ನಕ್ಕರು. ನಾನೂ ನಕ್ಕೆ, ಅಳುವುದಕ್ಕಿಂತ ವಾಸಿ ಅಂತ.

ಆ ಆಫೀಸಿನಲ್ಲಿ ನೀನು ಕೂತಿರುವಾಗಲೇ ಹೀಗಾಯಿತಲ್ಲ. ನಾರು ಯಾವುದು ಅಂತ ಒಂದು ಮಾತು ಹೇಳಲು ನಿನ್ನ ಬಾಯಿಗೆ ಏನಾಗಿತ್ತು? ನಮ್ಮೂರ ಕಾಯಿಲೆ ನಿನ್ನದು ಅಂತ ಹೇಳಿಕೊಳ್ಳಲು ನಾಚಿಕೆಯೇ?

ನಾನು ಬಿಡುವುದಿಲ್ಲ. ಇನ್ನೊಂದು ಅರ್ಜಿ ಬರೆಯುತ್ತೇನೆ. ಈ ಸಲ ಹುಳುವಿನ ಚಿತ್ರವನ್ನೇ ಬರೆಯುತ್ತೇನೆ.

ಮುನಿವೆಂಕಟಮ್ಮ


ಯಶವಂತಪುರ
30 ಏಪ್ರಿಲ್ 1943

ಅತ್ತೆಯವರಿಗೆ,

ನಿಮ್ಮ ಕೋಪ ನ್ಯಾಯವಾದದ್ದು. ಅರ್ಜಿ ಬಂದ ವಾರ ನಾನು ಆಫೀಸಿನಲ್ಲಿ ಇರಲಿಲ್ಲ, ರಜದಲ್ಲಿದ್ದೆ. ನನ್ನ ಜಾಗದಲ್ಲಿ ಕೂತಿದ್ದ ಹೊಸ ಗುಮಾಸ್ತರು ಮದ್ರಾಸಿನ ಕಡೆಯವರು. ಅವರ ಭಾಷೆಯಲ್ಲೂ ನಾರೆಂದರೆ ಹಗ್ಗದ ನಾರೇ. ಬಾವಿಪಾಳ್ಯದಲ್ಲಿ ನಾರು ರಾಶಿ ಬಿದ್ದಿದೆ, ಬಂದು ತೆಗೆದುಕೊಂಡು ಹೋಗಬೇಕಂತೆ ಎಂದು ದೊರೆಗೆ ಓದಿ ಹೇಳಿದರು. ಎಲ್ಲೆಲ್ಲೂ ನಾರಿಗೆ ಪರದಾಡುತ್ತಿದ್ದ ದೊರೆ ಸಂತೋಷದಿಂದ ಲಾರಿಯನ್ನೇ ಕಳಿಸಿಬಿಟ್ಟರು.

ಲಾರಿ ಬರಿದಾಗಿ ಬಂದಾಗ ಅವರಿಗೆ ಬಂದ ಸಿಟ್ಟು ಹೇಳತೀರದು. ಪೆಟ್ರೋಲಿಗೆ ಇಷ್ಟು ಬರ ಇರುವಾಗ ಆ ಊರಿನವರು ತಮಾಷೆ ಮಾಡಿದರೇ, ಇನ್ನು ಅವರ ಸಹವಾಸವೇ ಬೇಡ ಎಂದರು. ಟೋಪಿಯವರು ಕಂಡದ್ದನ್ನು ಹೇಳಿದರೂ ನಂಬಲಿಲ್ಲ. ಆಗ ಒಬ್ಬ ನೌಕರ ಕುಂಟುತ್ತಾ ಒಳಗೆ ಹೋಗಿ, ಪಟ್ಟಿ ಬಿಚ್ಚಿ, ಅವರ ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟು, "ಅರ್ಜಿಯಲ್ಲಿರುವುದು ಈ ನಾರು, ಸಾರ್" ಎಂದ. ದೊರೆ ಬಗ್ಗಿ ಆ ಕಾಲನ್ನು ನೋಡಿದರು. ಆಮೇಲೆ ತಾವೇ ಎದ್ದುಹೋಗಿ ಡಾಕ್ಟರನ್ನು ಕರೆತಂದರು. ಇಂಥ ಕಾಲುಗಳನ್ನು ಇಟ್ಟುಕೊಂಡು ಆ ಹೆಂಗಸರು ನಮಗೆ ನಾರು ಕೊಡುತ್ತಿದ್ದಾರೆಯೇ ಎಂದು ಕೇಳಿದರು.

ಮುಂದಿನ ತಿಂಗಳು ಡಾಕ್ಟರು ನಿಮ್ಮಲ್ಲಿಗೆ ಬರುತ್ತಾರೆ. ಅವರು ಹೇಳಿದಂತೆ ಊರವರು ನಡೆದರೆ ಬೇಕಾದ ಸಾಮಾನು ಕಂಪನಿ ಕೊಡುತ್ತದೆ.

ಗಂಗಣ್ಣ


ಬಾವಿಪಾಳ್ಯ
22 ಮೇ 1943

ನನ್ನಪ್ಪಾ ಗಂಗಣ್ಣ,

ಡಾಕ್ಟರು ಬಂದಿದ್ದರು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಒಬ್ಬೊಬ್ಬರ ಕಾಲನ್ನೂ ತೊಳೆದು ಪಟ್ಟಿ ಕಟ್ಟಿದರು. ಮುತ್ತಮ್ಮನದು ಪೂರ್ತಿ ಹೊರಗೆ ಬಂದಿದೆ, ಗಾಯ ಮಾಗುತ್ತಿದೆ, ಬಸಿರಿಗೆ ಅಪಾಯವಿಲ್ಲ ಅಂದರು. ಆಮೇಲೆ ಬಾವಿ ತೋರಿಸಿ ಅಂದರು.

ನಮ್ಮ ಬಾವಿ ನಿನಗೆ ಗೊತ್ತಲ್ಲ, ಮೆಟ್ಟಿಲಿಳಿದು ಮೊಳಕಾಲು ನೀರಿನಲ್ಲಿ ನಿಂತು ಬಿಂದಿಗೆ ಅದ್ದುವುದು. ಡಾಕ್ಟರು ಮೇಲೇ ನಿಂತು ನೋಡಿದರು. "ನೋಡಿಮ್ಮಾ, ಉರಿ ತಡೀಲಾರದೆ ಕಾಲನ್ನ ತಣ್ಣೀರಿಗೆ ಇಡ್ತೀರಿ. ಹುಳ ಅಲ್ಲೇ ಮರಿ ಬಿಡ್ತದೆ. ಕಣ್ಣಿಗೆ ಕಾಣೋದಿಲ್ಲ. ಅದೇ ನೀರು ಕುಡಿದವರಿಗೆ ವರ್ಷ ತುಂಬೋ ಹೊತ್ತಿಗೆ ಕಾಲಲ್ಲಿ ನಾರು. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗದಲ್ಲಿ ಸೇದಿ. ಅಲ್ಲೀವರೆಗೆ ನೀರನ್ನ ದಟ್ಟ ಬಟ್ಟೇಲಿ ಸೋಸಿ ಕುಡೀರಿ" ಅಂದರು.

ವರ್ಷ ತುಂಬುವ ಹೊತ್ತಿಗೆ ಅಂದಾಗ ನನ್ನ ಎದೆ ಒಡೆಯಿತು. ಹೋದ ವರ್ಷ ಮದುವೆಯ ದಿನ ಬಿಸಿಲಲ್ಲಿ ನಡೆದು ಬಂದವನಿಗೆ ಪಾನಕ ಕೊಟ್ಟವಳು ನಾನು. ಇನ್ನೊಂದು ಲೋಟ ಕುಡಿಯೋ ಅಂತ ಬಲವಂತ ಮಾಡಿದವಳೂ ನಾನೇ. ನೀರು ಅದೇ ಬಾವಿಯದು. ಚಪ್ಪಲಿ ಕಡಿಯಿತಂತೆ! ರಜದಲ್ಲಿದ್ದನಂತೆ! "ಒಬ್ಬ ನೌಕರ"ನಂತೆ! ಲೇ ಗಂಗಣ್ಣ, ಸ್ಟೂಲಿನ ಮೇಲೆ ಕಾಲಿಟ್ಟವನು ನೀನಲ್ಲವೇನೋ? ನಾನು ಏನೇನು ಬರೆದೆನಲ್ಲೋ ನಿನಗೆ.

ಕಾಲು ಹೇಗಿದೆ ಅಂತ ನಿಜ ಬರೆ. ಇಲ್ಲವಾದರೆ ನಾನೇ ಬಸ್ಸು ಹತ್ತಿ ಬರುತ್ತೇನೆ.

ಇಲ್ಲಿ ಭಾವನವರು ಅಡ್ಡ ಬಿದ್ದಿದ್ದಾರೆ. "ನಮ್ಮಜ್ಜ ಕಟ್ಟಿಸಿದ ಮೆಟ್ಲು. ಮುಚ್ಚು ಅನ್ನೋಕೆ ಕಂಪ್ನಿ ಯಾವೋನಲಾ? ಬಾಣಂತಿ ಎಲ್ಲಿಗ್ ಇಳಿದು ಗಂಗೆ ಪೂಜೆ ಮಾಡ್ಬೇಕು, ಗೋಡೆಗಾ?" ಅನ್ನುತ್ತಾರೆ. ಕೂಸು ಹೆತ್ತ ಮೇಲೆ ಬಾಣಂತಿ ಕೊನೇ ಮೆಟ್ಟಿಲಿಗೆ ಅರಿಶಿನ ಕುಂಕುಮವಿಟ್ಟು, ಮೊದಲ ಬಿಂದಿಗೆ ತುಂಬಿ ತರಬೇಕಲ್ಲ. ಅವರ ಮಾತಿಗೆ ಊರು ಹೂಂ ಅಂದಿದೆ. ನಾನು ಬೆಳಿಗ್ಗೆ ಬೆಳಿಗ್ಗೆ ಬಾವಿಯ ಮೇಲಿನ ಮೆಟ್ಟಿಲಲ್ಲಿ ಹಳೇ ಸೀರೆಯ ತುಂಡುಗಳನ್ನು ಇಟ್ಟುಕೊಂಡು ಕೂರುತ್ತಿದ್ದೇನೆ. ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟದೆ ಯಾರನ್ನೂ ದಾಟಗೊಡುವುದಿಲ್ಲ. ಭಾವನವರು ಮಾತ್ರ, ಸೋಸಿದ ನೀರು ಹೆಂಗಸರಿಗೆ ಅಂತ ಹಾಗೇ ಬೊಗಸೆಯಲ್ಲಿ ಕುಡಿದು ಹೋಗುತ್ತಾರೆ.

ಅತ್ತೆ


ಯಶವಂತಪುರ
4 ಜೂನ್ 1943

ಅತ್ತೆಗೆ,

ಪಾನಕ ಚೆನ್ನಾಗಿತ್ತು. ಅದರ ಮೇಲೆ ನನ್ನ ದೂರಿಲ್ಲ. ನೀವು ಬರೆದಂತೆ ಕಾಲು ನನ್ನದೇ. ಹೇಳಿದರೆ ನೀವು ಮುತ್ತಮ್ಮನನ್ನು ಬಿಟ್ಟು ನನ್ನ ಚಿಂತೆಗೆ ಬೀಳುತ್ತೀರೆಂದು ಮುಚ್ಚಿಟ್ಟೆ. ಹುಳು ಪೂರ್ತಿ ಬಂದಾಗಿದೆ. ಸ್ವಲ್ಪ ಕುಂಟುತ್ತೇನೆ, ಅಷ್ಟೆ. ಈಗ ಚಪ್ಪಲಿ ನಿಜವಾಗಿಯೂ ಕಡಿಯುತ್ತಿದೆ.

ಬಾವಿಯ ಮಾತಿಗೆ ಬರುತ್ತೇನೆ. ಯುದ್ಧಕಾಲದಲ್ಲಿ ಸಿಮೆಂಟು ಸಿಗುವುದೇ ಇಲ್ಲ. ಸಿಪಾಯಿಗಳ ಕಟ್ಟಡಕ್ಕೆಂದು ಬಂದದ್ದರಲ್ಲಿ ಕೆಲವು ಮೂಟೆಗಳನ್ನು ದೊರೆ ಕಷ್ಟಪಟ್ಟು ನಿಮ್ಮ ಬಾವಿಗೆ ಬಿಡಿಸಿದ್ದಾರೆ. ಈ ತಿಂಗಳು ಮುಗಿಯುವುದರೊಳಗೆ ಒಯ್ಯದಿದ್ದರೆ ಅವು ವಾಪಸು ಹೋಗುತ್ತವೆ, ಮತ್ತೆ ಸಿಗುವ ಭರವಸೆ ಇಲ್ಲ. ಗಾರೆಯವರನ್ನೂ ಕಳಿಸುತ್ತಾರೆ.

ಊರು ಒಪ್ಪುತ್ತಿಲ್ಲ ಎಂದು ನಾನು ಹೇಳಬೇಕಾಯಿತು. ಅದಕ್ಕೆ ದೊರೆ, ಹಾಗಾದರೆ ಮೆಟ್ಟಿಲು ಮುಚ್ಚುವವರೆಗೂ ಆ ಊರಿನ ನಾರು ಕೊಳ್ಳುವುದಿಲ್ಲವೆಂದು ಆಜ್ಞೆ ಕಳಿಸುತ್ತೇನೆ, ಆಗ ತಾವೇ ದಾರಿಗೆ ಬರುತ್ತಾರೆ ಎಂದಿದ್ದಾರೆ. ನೀವು ಹೂಂ ಎಂದರೆ ನಾಳೆಯೇ ಕಾಗದ ಹೊರಡುತ್ತದೆ. ನನಗೂ ಅದೇ ಸುಲಭವೆಂದು ತೋರುತ್ತದೆ. ಕಟ್ಟೆಯ ಮೇಲೆ ಕಂಪನಿಯ ಹೆಸರು ಕೆತ್ತಿದ ಕಲ್ಲೊಂದನ್ನು ಇಡಬೇಕೆಂದೂ ಅವರಿಗೆ ಆಸೆ.

ಗಂಗಣ್ಣ


ಬಾವಿಪಾಳ್ಯ
19 ಜೂನ್ 1943

ಗಂಗಣ್ಣನಿಗೆ,

ಆ ಆಜ್ಞೆಯ ಕಾಗದ ಹೊರಡಕೂಡದು. ಹೆದರಿ ಮುಚ್ಚಿದ ಮೆಟ್ಟಿಲನ್ನು, ಹೆದರಿಕೆ ಹೋದ ದಿನ ಮತ್ತೆ ತೆಗೆಯುತ್ತಾರೆ. ಆಗ ನಾನು ಇರುತ್ತೇನೋ ಇಲ್ಲವೋ. ಕಾಗದ ಕಂಡ ಕೂಡಲೇ ಸಿಮೆಂಟು ಕಳಿಸು. ಭಾವನವರು ಒಪ್ಪಿದ್ದಾರೆ.

ಹೇಗೆ ಅಂತ ಕೇಳು. ಸೋಮವಾರ ಅರಳೀಕಟ್ಟೆಯಲ್ಲಿ ಊರು ಸೇರಿತ್ತು. ಭಾವನವರು ಅದೇ ಮಾತು, ನಮ್ಮಜ್ಜನ ಮೆಟ್ಟಿಲು, ಗಂಗೆ ಪೂಜೆ, ಗೋಡೆ. ನಾನು ಬಾಯಿ ತೆಗೆಯುವ ಮೊದಲೇ ಮುತ್ತಮ್ಮ ಕೋಲೂರಿಕೊಂಡು ಬಂದಳು. ಸೊಸೆಯಾದವಳು ಅವರೆದುರು ಕೂರುವ ಹಾಗಿಲ್ಲ, ನಿಂತೇ ಕೇಳಿದಳು:

"ದೊಡ್ಡಮಾವ, ಹೆರಿಗೆ ಆದ್ಮೇಲೆ ನಾನೂ ಗಂಗೆ ಪೂಜೆ ಮಾಡ್ಬೇಕಲ್ವಾ?"

"ಮತ್ತೆ? ಮಾಡ್ಲೇಬೇಕು."

"ಈ ಕಾಲಲ್ಲಿ ಅಷ್ಟು ಮೆಟ್ಲು ಇಳಿಯಕ್ಕಾಗಕಿಲ್ಲ. ನೀವೇ ಎತ್ಕೊಂಡು ಇಳಿಸ್ತೀರಾ?"

ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಕಟ್ಟೆ ತುಂಬ ನಗು. ಭಾವನವರ ಮುಖ ಕೆಂಪಗಾಯಿತು. ಆ ಸಂದಿನಲ್ಲಿ ನಾನು ಮಾತು ತೂರಿಸಿದೆ. "ಭಾವ, ಅಜ್ಜನ ಕಲ್ಲನ್ನ ಯಾರೂ ಮಣ್ಣಲ್ಲಿ ಹೂಳ್ತಿಲ್ಲ. ಒಂದೊಂದೇ ಕಲ್ಲು ಮೇಲಕ್ಕೆ ತಂದು ಅದರಲ್ಲೇ ಕಟ್ಟೆ ಕಟ್ಟಾಣ. ಕೊನೇ ಮೆಟ್ಲ ಕಲ್ಲನ್ನ ಎಲ್ಲಕ್ಕಿಂತ ಮ್ಯಾಲೆ ಕೂರಿಸಾಣ. ಬಾಣಂತೀರು ಆ ಕಲ್ಲಿಗೇ ಕುಂಕುಮ ಇಡ್ಲಿ. ಇಷ್ಟು ದಿನ ಅಜ್ಜನ ಕಲ್ಲು ತುಳಿದ್ವಿ, ಇನ್ಮೇಲೆ ಮುಟ್ಟಿ ಕಣ್ಣಿಗೊತ್ಕೊತೀವಿ."

ಅವರು ಎದ್ದುಹೋದರು. ಬೆಳಿಗ್ಗೆ ನಾನು ಬಟ್ಟೆ ಹಿಡಿದು ಬಾವಿಗೆ ಹೋದಾಗ ಹಾರೆ ಹಿಡಿದು ಮೊದಲ ಕಲ್ಲು ಮೀಟುತ್ತಿದ್ದವರು ಅವರೇ. "ಏನ್ ನೋಡ್ತಾ ನಿಂತಿದ್ದೀಯಾ ವೆಂಕ್ಟಮ್ಮ? ನಿನ್ನ ಮಗ ಸೊಣ್ಣಪ್ಪನ್ನ ಕರಿ. ಕಂಪ್ನಿ ಗಾರೆಯೋರು ಬಂದ್ರೆ ಅಜ್ಜನ ಕಲ್ಲನ್ನ ಒಡೆದುಹಾಕ್ಬಿಟ್ಟಾರು" ಅಂದರು.

ಇನ್ನು ಹೆಸರಿನ ಕಲ್ಲಿನ ಮಾತು. ಆ ಕಟ್ಟೆಯ ಮೇಲೆ ಅಜ್ಜನ ಹೆಸರೂ ಇಲ್ಲ, ಕಂಪನಿ ಹೆಸರೂ ಬೇಡ. ದೊರೆಗೆ ನಾನು ಹೇಳಿದೆ ಅಂತ ಹೇಳು: ಕಲ್ಲಿನ ಬದಲು ವರ್ಷಕ್ಕೊಂದು ಹಗ್ಗ ಕಳಿಸಲಿ, ಡಾಕ್ಟರನ್ನೂ ವರ್ಷಕ್ಕೊಮ್ಮೆ ಕಳಿಸಲಿ. ಕಲ್ಲು ಕೆತ್ತಿಸಿದವರು ಕೆತ್ತಿಸಿ ಮರೆಯಬಹುದು. ಹಗ್ಗ ಹಾಗಲ್ಲ, ಸವೆಯುತ್ತದೆ, ಸವೆದಾಗ ನಾವು ಕೇಳುತ್ತೇವೆ. ಉಪಕಾರ ಅಂತ ಬರೆದುಕೊಳ್ಳಬೇಡಿ. ಆ ಹಗ್ಗದ ನಾರು ನಮ್ಮದೇ.

ಅತ್ತೆ


ಯಶವಂತಪುರ
25 ಸೆಪ್ಟೆಂಬರ್ 1943

ಅತ್ತೆಗೆ,

ಮುತ್ತಮ್ಮನಿಗೆ ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಅನುಸೂಯಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು, ರೇಷನ್ನಿನದು!

ಲಾರಿಯವರ ಕೈಲಿ ಹಗ್ಗ ಕಳಿಸಿದ್ದೇನೆ. ಒಳಗೆ ನಟ್ಟನಡುವೆ ಒಂದು ಕೆಂಪು ಎಳೆ ಇದೆ, ಅದು ಕಂಪನಿಯ ಗುರುತು. ನಿಮ್ಮ ಮಾತು ಕೇಳಿ ದೊರೆ ಮೊದಲು ಗೊಣಗಿದರು. ಆಮೇಲೆ, ಆ ಮುದುಕಿ ನಮ್ಮಲ್ಲಿ ಕೆಲಸಕ್ಕೆ ಬರುತ್ತಾಳೆಯೇ ಕೇಳು ಎಂದರು.

ನಾರು ಕೊಡುವ ಊರುಗಳನ್ನೆಲ್ಲ ಡಾಕ್ಟರು ವರ್ಷಕ್ಕೊಮ್ಮೆ ಸುತ್ತಬೇಕೆಂದು ಆಗಿದೆ. ಮೊದಲ ಊರು ನಿಮ್ಮದು.

ಗಂಗಣ್ಣ


ಬಾವಿಪಾಳ್ಯ
28 ಮೇ 1944

ಗಂಗಣ್ಣನಿಗೆ,

ಹೋದ ವರ್ಷ ಬಟ್ಟೆ ಕಟ್ಟುವ ಮೊದಲು ಕುಡಿದವರಲ್ಲಿ ಕೆಲವರಿಗೆ ನಾರು ಬಂದು ಹೋಯಿತು, ಈಗ ಊರಲ್ಲಿ ಒಬ್ಬರಿಗೇ ಇದೆ. ಯಾರಿಗೆ ಅಂತ ನೀನೇ ಊಹಿಸು. ಬಟ್ಟೆ ಕಟ್ಟಿದ ಮೇಲೂ ಸೋಸದ ನೀರು ಕುಡಿದ ಗಂಡಸಿಗೆ.

ಭಾವನವರು ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಬಾವಿಯ ಹತ್ತಿರ ಸುಳಿಯುವುದಿಲ್ಲ. ಉರಿ ತಡೆಯದಿದ್ದರೆ ಬಕೆಟ್ಟಿನಲ್ಲಿ ನೀರು ತರಿಸಿ ಕಾಲಿಟ್ಟು, ಆ ನೀರನ್ನು ದೂರದ ಬೇಲಿಗೆ ಚೆಲ್ಲಿಸುತ್ತಾರೆ. ಹೊಸಬರು ಯಾರಾದರೂ ಕೊಡವನ್ನು ಕಟ್ಟೆಯ ಮೇಲೆ ತೊಳೆಯಲು ಹೋದರೆ, "ಏಯ್, ಕೆಳಗಿಳಿಸಲಾ! ನಮ್ಮಜ್ಜನ ಕಲ್ಲು ಅದು!" ಅಂತ ಅಲ್ಲಿಂದಲೇ ಗದರುತ್ತಾರೆ. ಕಡ್ಡಿಗೆ ಸುತ್ತುವವಳು ನಾನೇ. ನಿನ್ನೆ, "ಸೋಸಿದ ನೀರು ಹೆಂಗಸರಿಗೆ, ಅಲ್ವಾ ಭಾವ?" ಅಂದೆ. "ಮೆಲ್ಲಗ್ ಸುತ್ತು" ಅಂದರು. ಅಷ್ಟೇ.

ಹೊಸ ಹಗ್ಗ ಇನ್ನೂ ಬಂದಿಲ್ಲ. ಹಳೆಯದರ ಕೆಂಪು ಎಳೆ ಕಾಣತೊಡಗಿದೆ. ದೊರೆಗೆ ಜ್ಞಾಪಿಸು. ಡಾಕ್ಟರೂ ಬಂದಿಲ್ಲ. ಯುದ್ಧ ಅಂತ ನೆಪ ಹೇಳಬೇಡಿ, ಯುದ್ಧದಲ್ಲೂ ನಾವು ನಾರು ಕಳಿಸುವುದನ್ನು ನಿಲ್ಲಿಸಿಲ್ಲ.

ಅತ್ತೆ


ಯಶವಂತಪುರ
9 ಜೂನ್ 1944

ಅತ್ತೆಗೆ,

ನಿಮ್ಮ ಕಾಗದವನ್ನು ದೊರೆಗೆ ನಾನೇ ಓದಿ ಹೇಳಿದೆ, ಬೇರೆಯವರ ಕೈಗೆ ಕೊಡಲಿಲ್ಲ! ಹಗ್ಗ ಮತ್ತು ಡಾಕ್ಟರು ಒಂದೇ ಲಾರಿಯಲ್ಲಿ ಬರುತ್ತಾರೆ. ಬೈಲಪ್ಪನವರಿಗೆ ನಮಸ್ಕಾರ ಹೇಳಿ. ಕೊನೆಯ ಎಳೆ ಬರುವಾಗ ಉಸಿರು ಬಿಗಿಹಿಡಿಯಬಾರದೆಂದು ಹೇಳಿ. ನನಗೆ ಗೊತ್ತು.

ಗಂಗಣ್ಣ


ಬಾವಿಪಾಳ್ಯ
30 ಮೇ 1945

ನನ್ನಪ್ಪಾ ಗಂಗಣ್ಣ,

ಹೋದ ವಾರ ನೀನು ರಾಜಘಟ್ಟದಿಂದ ನಡೆದುಕೊಂಡು ಬರುವುದನ್ನು ನಾನು ಕಟ್ಟೆಯ ಹತ್ತಿರದಿಂದ ನೋಡುತ್ತಲೇ ಇದ್ದೆ. ಬೇಕೆಂದೇ ಕೂಗಲಿಲ್ಲ. ಕುಂಟುತ್ತೀಯೋ ಇಲ್ಲವೋ ನೋಡೋಣ ಅಂತ. ಕೊಂಚ ಇದೆ. ತಿಳಿಯದವರಿಗೆ ತಿಳಿಯುವುದಿಲ್ಲ. ಪಾನಕವನ್ನು ನಾನು ಎರಡೆರಡು ಸಲ ಸೋಸಿ ಕೊಟ್ಟದ್ದನ್ನು ನೀನು ನೋಡಿದೆ, ಕುಡಿದು ಇನ್ನೊಂದು ಲೋಟ ಕೇಳಿದೆ.

ನೀನು ಹೋದ ಮೇಲೆ ಡಾಕ್ಟರು ಬಂದು ಮನೆಮನೆಗೂ ಹೋಗಿ ಕಾಲು ನೋಡಿದರು. ಒಂದು ಕಾಲಲ್ಲೂ ಇಲ್ಲ. ಮುತ್ತಮ್ಮನ ಮಗಳ ಪುಟ್ಟ ಪಾದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವಳು ಅವರ ಮೂಗಿಗೆ ಒದ್ದು ಇಳಿದು ಓಡಿದಳು. ಭಾವನವರು ಕಟ್ಟೆಯ ಬಳಿ ಕೂತು, "ಓಡ್ಲಿ ಬಿಡಿ ಡಾಕ್ಟ್ರೇ, ನಮ್ಮಜ್ಜನ ರಕ್ತ" ಅಂದರು.

ದೊರೆಗೆ ಸುದ್ದಿ ತಿಳಿಸು. ಆದರೆ "ಬಾವಿಪಾಳ್ಯದಲ್ಲಿ ಈಗ ನಾರು ಇಲ್ಲ" ಅಂತ ಮಾತ್ರ ಬರೆಯಬೇಡ ಮಗನೇ, ಲಾರಿ ಬರುವುದನ್ನೇ ನಿಲ್ಲಿಸಿಬಿಟ್ಟಾರು.

ನಿನ್ನ ಅತ್ತೆ,
ಮುನಿವೆಂಕಟಮ್ಮ